ಕರಿ ಐದರ ಹಟ

ಮುಗ್ಧಾ ನಾಟಕ ಬಿಟ್ಟು ಹೋದಳೆಂಬ ಸುದ್ದಿ ಬೆಳಗಾವಿಯ ವಡಗಾವಿ ಓಣಿಗಳಲ್ಲಿ ಮಗ್ಗದ ಸದ್ದಿಗಿಂತ ಜೋರಾಗಿ ಓಡಾಡಿತು. ಓಡಾಡಿಸಿದವಳು ಕುಂದಾ.

"ಪುಣೆದಾಗ ಟಿವಿಯವರು ಕರದಾರಂತ. ಅಲ್ಲೀ ಲೈಟ್ ಕಂಡ ಕೂಡ್ಲೆ ನಾವು ಯಾರೂ ಕಣ್ಣಿಗೆ ಕಾಣವಲ್ವಿ ಆಕೀಗಿ," ಎಂದು ಹಿಟ್ಟಿನ ಗಿರಣಿಯಲ್ಲಿ ಹೇಳಿದಳು, ತರಕಾರಿ ಗಾಡಿಯ ಮುಂದೆ ಹೇಳಿದಳು, ಕೇಳದವರನ್ನೂ ನಿಲ್ಲಿಸಿಕೊಂಡು ಹೇಳಿದಳು. ಹೆಸರು ಬೆಳಗಾವಿಯ ಸಿಹಿ ಕುಂದಾದ್ದು, ಆದರೂ ನಾಲಗೆಯ ಮೇಲೆ ಸಕ್ಕರೆಯಿಲ್ಲ ಎಂದು ಓಣಿಯವರು ಮೊದಲಿನಿಂದಲೂ ನಗುತ್ತಿದ್ದರು. ಈ ಸಲ ಅವರ ನಗೆಯನ್ನು ಅವಳು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಪುಣೆಯ ಸುದ್ದಿಯನ್ನು ಹೇಳಿದವನು ಸ್ವತಃ ಅವಳ ಗಂಡ ಅವಧೂತ. ಗಂಡ ಹೇಳಿದ ಮೇಲೆ ಇನ್ನೇನು ಕೇಳುವುದು?

ಹೊಟ್ಟೆಕಿಚ್ಚು ಇತ್ತೇ ಎಂದರೆ ಇತ್ತು, ಮುಚ್ಚಿಡುವುದೇಕೆ. 'ಮಲಪ್ರಭಾ ಪರಿಣಯ' ಎಂಬ ಆ ಸಂಗೀತ ನಾಟಕದ ಪದಗಳೆಲ್ಲ ಹುಟ್ಟಿದ್ದು ಕುಂದಾಳ ಅಡುಗೆಮನೆಯಲ್ಲಿ. ಅವಧೂತ ಹಗಲು ಸೊಸೈಟಿಯಲ್ಲಿ ಗುಮಾಸ್ತ, ಸಂಜೆಯಾದರೆ ನಾಟಕದ ಆರ್ಗನ್ ಮಾಸ್ತರ. ಇವಳು ರೊಟ್ಟಿ ಬಡಿಯುತ್ತಿದ್ದರೆ ಅವನು ಹಾರ್ಮೋನಿಯಂ ಪೆಟ್ಟಿಗೆಯನ್ನು ಬಾಗಿಲ ತನಕ ಎಳೆದುಕೊಂಡು ಬಂದು, "ಇದನ್ನಷ್ಟು ಅಂದು ನೋಡು," ಎನ್ನುತ್ತಿದ್ದ. ಇವಳು ಹಿಟ್ಟಿನ ಕೈಯಲ್ಲೇ ಹಾಡುತ್ತಿದ್ದಳು. ಹಾಡುತ್ತ ಹಾಡುತ್ತ ಎಲ್ಲೋ ಒಂದು ತಿರುವು ತಾನೇ ಹಾಕಿದರೆ ಅವನು ತಲೆದೂಗಿ ಅದನ್ನೇ ಇಟ್ಟುಕೊಳ್ಳುತ್ತಿದ್ದ. ಆದರೆ ನಾಟಕ ರಂಗಕ್ಕೆ ಬಂದಾಗ ಮಲಪ್ರಭೆಯ ಪಾತ್ರ ಖಾನಾಪುರದ ಮುಗ್ಧಾಳ ಪಾಲಾಯಿತು. ವಯಸ್ಸು ಚಿಕ್ಕದು, ಮುಖ ಚೆಂದ, ಗಂಟಲು ಮೇಲೇರುವಂಥದು. ಕುಂದಾಳಿಗೆ ಸಿಕ್ಕಿದ್ದು ಸಖಿಯ ಪಾತ್ರ, ಕೈಯಲ್ಲೊಂದು ಬೀಸಣಿಗೆ. ತನ್ನ ಬಾಯಿಂದ ಹುಟ್ಟಿದ ಪದಕ್ಕೆ ತಾನೇ ಗಾಳಿ ಬೀಸುತ್ತ ನಿಲ್ಲುವುದೆಂದರೆ ಯಾರಿಗೆ ಸಂಕಟವಾಗುವುದಿಲ್ಲ?

ಪಟ್ಟಿಯ ವಿಷಯ ಇಲ್ಲೇ ಹೇಳಿಬಿಡಬೇಕು. ನಾಟಕದ ಮಂದಿಗೆ ಪಟ್ಟಿಯೆಂದರೆ ಹಾಡುವ ಸ್ವರದ ಎತ್ತರ. ಪೆಟ್ಟಿಗೆಯ ಕರಿ ಮನೆ, ಬಿಳಿ ಮನೆ ಎಣಿಸಿ ಹೇಳುವುದು ರೂಢಿ. ಕುಂದಾಳದು ಕರಿ ಮೂರು, ಮುಗ್ಧಾಳದು ಅದಕ್ಕಿಂತ ಮೇಲೆ, ಕರಿ ನಾಲ್ಕು. ಅವಧೂತ ಮುಗ್ಧಾಳಿಂದ ಹಾಡಿಸುತ್ತಿದ್ದುದು ಇನ್ನೂ ಮೇಲೆ, ಕರಿ ಐದರಲ್ಲಿ. ಎತ್ತರದ ಪಟ್ಟಿಯಲ್ಲಿ ಹಾಡಿದವಳೇ ಗಾಯಕಿ, ಉಳಿದವರೆಲ್ಲ ಭಜನೆಗೆ ಕೂಡುವವರು ಎಂದು ಅವನ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಮೊದಮೊದಲು ಬೆಳಗಾವಿಯಲ್ಲಿ ಜನ "ಒನ್ಸ್ ಮೋರ್" ಎಂದು ಕೂಗಿದರು. ಹಾಗೆ ಕೂಗಿದರೆ ಆ ಪದವನ್ನು ಮತ್ತೆ ಹಾಡಲೇಬೇಕು, ಕೂಗಿದವನು ಒಬ್ಬನೇ ಆದರೂ ಸರಿ. ಅದು ಅವರ ಮಂಡಳಿಯ ಕಟ್ಟುಪಾಡು. ಬರಬರುತ್ತ ಕುರ್ಚಿಗಳು ಖಾಲಿಯಾದವು, ಕೂಗುವವರೂ ಇಲ್ಲವಾದರು. ನಾಟಕ ಉದ್ದವಾಯಿತು, ಮಾತು ಹಳತಾಯಿತು ಎಂದು ನೋಡಿದವರು ಹೇಳಿದರೂ ಅವಧೂತನಿಗೆ ಕೇಳಿಸಲಿಲ್ಲ. ಪಟ್ಟಿ ಏರಿಸಿದರೆ ಜನ ತಿರುಗಿ ಬರುತ್ತಾರೆ ಎಂದು ಹಟ ಹಿಡಿದ.

ಮಂಡಳಿಯ ಯಜಮಾನ ಬಾಳಾಸಾಹೇಬ, ಶಹಾಪುರದ ಸೀರೆ ವ್ಯಾಪಾರಿ, ನಾಟಕದ ಹುಚ್ಚಿಗೆ ಬಿದ್ದು ಸುಸ್ತಾದ ಮನುಷ್ಯ. ಮುಗ್ಧಾ ಹೋದ ಮೇಲೆ ಅವನು ಒಂದೇ ಮಾತು ಹೇಳಿದ: "ಖಾನಾಪುರದ ಪ್ರಯೋಗ ಮಾತ್ರ ಬಿಡೂದು ಬ್ಯಾಡ. ಅಲ್ಲಿ ಮಂದಿ ಒಪ್ಪಿದ್ರ ಮುಂದ ಹೋಗೂಣು. ಇಲ್ಲಾಂದ್ರ ಪರದೆ ಮಡಚಿ ಇಟ್ಟುಬಿಡೂಣು."

ಅಂದು ಊಟಕ್ಕೆ ಕೂತಾಗ ಅವಧೂತ ತಟ್ಟೆಯಿಂದ ಕಣ್ಣೆತ್ತದೆ, "ಕುಂದಾ, ನೀನ ಮಾಡು," ಎಂದ.

ಅವಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ಪಟ್ಟಿ?"

"ನಿಂದ. ಕರಿ ಮೂರು."

ಆ ವಾರ ಕುಂದಾಳ ಕಾಲು ನೆಲಕ್ಕೆ ಹತ್ತಲಿಲ್ಲ. ತಬಲಾದ ಈರಣ್ಣನಿಗೆ ಬಿಡುವಿರಲಿಲ್ಲವಾದ್ದರಿಂದ ತಾಲೀಮು ಮನೆಯಲ್ಲೇ, ಪೆಟ್ಟಿಗೆ ಒಂದರ ಜೊತೆಗೇ ನಡೆಯಿತು. ಎಲ್ಲ ಕರಿ ಮೂರರಲ್ಲಿ. ಪದಗಳು ತವರಿಗೆ ಬಂದಂತೆ ಅವಳ ಗಂಟಲಲ್ಲಿ ಆರಾಮಾಗಿ ಕೂತವು. ಅವಧೂತನ ಮುಖದಲ್ಲೂ ಒಂದೆರಡು ಸಲ ನಗೆ ಕಂಡಿತು. ಮುಗ್ಧಾ ಓಡಿಹೋದದ್ದು ಒಳ್ಳೆಯದೇ ಆಯಿತು ಎಂದು ಕುಂದಾಳಿಗೆ ಒಳಗೊಳಗೇ ಅನಿಸಿತು. ಹೊರಗೆ ಮಾತ್ರ ಅವಳನ್ನು ಬೈಯುವುದು ಬಿಡಲಿಲ್ಲ.

ರವಿವಾರ ಗಂಡಸರು ಸಾಮಾನಿನ ಜೊತೆ ಟೆಂಪೊದಲ್ಲಿ, ಹೆಂಗಸರು ರೈಲಿನಲ್ಲಿ ಖಾನಾಪುರಕ್ಕೆ ಹೊರಟರು. ದೇಸೂರ ದಾಟುವ ಹೊತ್ತಿಗೆ ಕುಂದಾ ಬೈಗುಳವನ್ನೆಲ್ಲ ಜೋಡಿಸಿಟ್ಟುಕೊಂಡಿದ್ದಳು. ಪ್ರಯೋಗ ಮಧ್ಯಾಹ್ನ ಮೇಲೆ. ಅದಕ್ಕೂ ಮೊದಲು ಮುಗ್ಧಾಳ ಮನೆಗೆ ಹೋಗಿ ಅವಳ ತಾಯಿಯ ಮುಂದೆಯೇ ನಾಲ್ಕು ಮಾತು ಅಂದು ಬರಬೇಕು. ಮಗಳು ಪುಣೆಯಲ್ಲಿದ್ದರೇನು, ತಾಯಿಗಾದರೂ ನಾಚಿಕೆಯಾಗಲಿ.

ಬಾಗಿಲು ತೆಗೆದವಳು ಮುಗ್ಧಾಳೇ. ಕೊರಳಿಗೆ ಉಲ್ಲನ್ ಮಫ್ಲರು. ಬಗ್ಗಿ ಕಾಲು ಮುಟ್ಟಿದಳು, ಮಾತಾಡಲಿಲ್ಲ.

"ಯಾಕವಾ, ಟಿವಿಯವರು ಬಾಯಿಗೆ ಬೀಗಾ ಹಾಕ್ಯಾರೇನು?" ಎಂದಳು ಕುಂದಾ.

ಒಳಗಿಂದ ತಾಯಿ ಬಂದಳು. "ಬೀಗಾ ಹಾಕಿದವರು ಡಾಕ್ಟರ್‌ರೀ, ಕುಂದಾಬಾಯಿ. ಗಂಟಲಾಗ ಗಂಟಾಗ್ಯಾವಂತ. ಪಿಸುಮಾತೂ ಬ್ಯಾಡ ಅಂದಾರ. ಹೀಂಗ ಹಾಡಿಸಿದವರು ಯಾರು ಅಂತ ಅವರೂ ಬೈದ್ರು."

"ಪುಣೆಗೆ ಹೋಗ್ಯಾಳಂತ..."

"ಯಾವ ಪುಣೆರೀ? ಇದೇ ಹೊಸ್ತಿಲಾ ದಾಟಿಲ್ಲ ಆಕಿ. ಮಾಸ್ತರಿಗೆ ಎಷ್ಟ ಸರತಿ ಕೈ ಮುಗದ್ಲು, ಕರಿ ನಾಕಕ್ಕ ಇಳಸ್ರಿ, ರಕ್ತದ ವಾಸನಿ ಬರತೈತಿ ಅಂತ. ಇಳಸೂದಾದ್ರ ಮನಿಗೆ ಹೋಗು ಅಂದ್ರಂತ. ಬಂದ್ಲು. ಆಮ್ಯಾಲೆ ಓಣ್ಯಾಗ ಯಾರೋ ಟಿವಿ, ಪುಣೆ ಅಂತ ಹಬ್ಬಿಸ್ಯಾರ. ಅವರ ಬಾಯಾಗ ಹುಳಾ ಬೀಳ್ಲಿ."

ಹಬ್ಬಿಸಿದವಳು ಚಹದ ಕಪ್ಪು ಹಿಡಿದು ಕೂತಿದ್ದಳು. ನಾನೇ ಎಂದು ಹೇಳುವ ಧೈರ್ಯ ಬರಲಿಲ್ಲ. ಚಹವನ್ನು ಹೇಗೋ ನುಂಗಿ ಎದ್ದಳು. ಗೇಟಿನ ತನಕ ಬಂದ ಮುಗ್ಧಾ ಅವಳ ಕೈ ಹಿಡಿದು ನಿಲ್ಲಿಸಿ, ಮೊದಲು ತನ್ನ ಗಂಟಲು ಮುಟ್ಟಿ ತೋರಿಸಿದಳು, ಆಮೇಲೆ ಕುಂದಾಳ ಗಂಟಲು.

"ನಂದೇನ್ ಚಿಂತಿ ಮಾಡಬ್ಯಾಡವಾ. ನನಗ ಕರಿ ಮೂರು ಅಂದಾರ. ಗಂಡ ಅದಾರ, ಅಷ್ಟರೆ ತಿಳೀತೈತಿ ಅವರಿಗೆ," ಎಂದಳು ಕುಂದಾ. ಹೇಳುವಾಗ ದನಿಯಲ್ಲಿ ಸಣ್ಣದೊಂದು ಜಂಬವೂ ಬಂತು. ಆ ಹುಡುಗಿಯ ಮುಂದೆ, ಆ ಸ್ಥಿತಿಯಲ್ಲಿ, ಜಂಬ! ದಾರಿಯಲ್ಲಿ ಅದು ನೆನಪಾಗಿ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ರಂಗದ ಹಿಂದೆ ಹಸಿರು ಸೀರೆಯುಟ್ಟು ಬಣ್ಣ ಹಚ್ಚಿಕೊಳ್ಳುತ್ತ ಕೂತಾಗ ಪರದೆಯಾಚೆ ಈರಣ್ಣ ತಬಲಾ ಕೂಡಿಸುತ್ತಿದ್ದ. ಸುತ್ತಿಗೆಯ ಒಂದೊಂದು ಪೆಟ್ಟಿಗೂ ತಬಲಾದ ದನಿ ಏರುತ್ತದೆ. ಕುಂದಾ ಹುಬ್ಬು ತಿದ್ದುತ್ತಲೇ ಕಿವಿಗೊಟ್ಟಿದ್ದಳು. ದನಿ ಕರಿ ಮೂರಕ್ಕೆ ಬಂತು. ಅಲ್ಲಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಸುತ್ತಿಗೆ ಮತ್ತೆ ಬಿತ್ತು, ಕರಿ ನಾಲ್ಕೂ ದಾಟಿತು. ಕರಿ ಐದಕ್ಕೆ ಬಂದ ಮೇಲೆ ಈರಣ್ಣ ಸುತ್ತಿಗೆ ಕೆಳಗಿಟ್ಟ.

ಕುಂದಾ ಅರ್ಧ ಬಣ್ಣದಲ್ಲೇ ಎದ್ದು ಗಂಡನ ಬಳಿ ಹೋದಳು. "ಏನ್ರಿ, ತಬಲಾ ಏರೇತಿ."

"ಏರಸಂತ ನಾನ ಹೇಳೇನಿ," ಎಂದ ಅವಧೂತ, ಆರ್ಗನ್ನಿನ ಮನೆಗಳನ್ನು ಬಟ್ಟೆಯಿಂದ ಒರೆಸುತ್ತ.

"ವಾರಾ ತುಂಬ ಮನ್ಯಾಗ ಏನ್ ಮಾಡಿದ್ವಿ ಹಂಗಾರ?"

"ಮನ್ಯಾಗಿಂದು ಮನ್ಯಾಗ. ಇಲ್ಲಿ ಮಂದಿ ಕುಂತಾರ. ಆಕಿ ಹೋದ ಕೂಡ್ಲೆ ಅವಧೂತನ ಪದಾ ಕೆಳಗ ಇಳದ್ವು ಅಂದ್ರ ನಾ ಎಲ್ಲಿ ಮಾರಿ ತೋರಸ್ಲಿ?"

"ಮುಗ್ಧಾನ ಮನಿಗೆ ಹೋಗಿದ್ದೆ. ಆಕಿ ಪುಣೆದಾಗಿಲ್ಲ."

ಅವನ ಕೈ ಒಂದು ಗಳಿಗೆ ನಿಂತಿತು. ಮತ್ತೆ ಒರೆಸತೊಡಗಿದ. "ಗಂಟಲಾ ಗಟ್ಟಿ ಇಲ್ಲದವರು ನೂರು ನೆವಾ ಹೇಳತಾರ. ನೀ ಹಾಡತಿ. ಎಲ್ಲಾ ತಿರುವು ನಿನಗ ಗೊತ್ತದಾವ. ಹೋಗು, ನಾಂದಿಗೆ ಹೊತ್ತಾತು."

ಬಣ್ಣ ಒರೆಸಿಕೊಂಡು ಆಗಲೇ ಹೊರಟುಬಿಡಬಹುದಿತ್ತು. ಹೊರಡಲಿಲ್ಲ. ಯಾಕೆಂದರೆ ಅವಳಿಗೆ ಆ ಪದಗಳು ಬೇಕಾಗಿದ್ದವು. ಇಷ್ಟು ವರ್ಷ ಬೇಕಾಗಿದ್ದವು. ಸಭಾಭವನದ ಬೆಳಕಿನಲ್ಲಿ, ಜನರ ಮುಂದೆ, ಬೀಸಣಿಗೆ ಇಲ್ಲದ ಕೈಯಲ್ಲಿ ಒಂದೇ ಒಂದು ಸಲ.

ಮೊದಲ ಅಂಕ ಹೇಗೋ ದಾಟಿತು. ಆ ಪದಗಳು ಕೆಳಗೇ ಆಡುವಂಥವು. ಕುಂದಾ ಉಸಿರು ಹಿಡಿದು, ಕುತ್ತಿಗೆಯ ನರ ಬಿಗಿದು ಹಾಡಿದಳು. ಒಂದೆರಡು ಚಪ್ಪಾಳೆಯೂ ಬಿದ್ದವು. ಎರಡನೆಯ ಅಂಕದಲ್ಲಿ ಮಲಪ್ರಭೆ ತಾನು ಹುಟ್ಟಿದ ಕಣಕುಂಬಿಯನ್ನು ಬಿಟ್ಟು ಹೊರಡುತ್ತಾಳೆ, ತಾಯಿಗೆ ವಿದಾಯದ ಪದ. ಅದರ ತಿರುವು ಕುಂದಾಳದೇ. ಒಲೆಯ ಮುಂದೆ ಕೂತು ಅವಳೇ ಹಾಕಿದ್ದು. ಆ ತಿರುವು ಮೇಲಿನ ಷಡ್ಜವನ್ನೂ ದಾಟಿ ಹೋಗುತ್ತದೆ. ಅಲ್ಲಿಗೆ ಬಂದಾಗ ದನಿ ಕಲ್ಲಿಗೆ ಬಡಿದ ಗಡಿಗೆಯ ಹಾಗೆ ಒಡೆಯಿತು.

ಯಾರೋ ಕಿಸಕ್ಕೆಂದರು. ಹಿಂದಿನ ಸಾಲಿನಿಂದ ಒಬ್ಬ, "ಒನ್ಸ್ ಮೋರ್!" ಎಂದು ಕೂಗಿದ. ಸುತ್ತಲಿದ್ದವರು ನಕ್ಕರು. ಇನ್ನೊಬ್ಬ ಸೀಟಿ ಹೊಡೆದು ಅದನ್ನೇ ಕೂಗಿದ.

ಕುಂದಾ ಗಂಡನ ಕಡೆ ನೋಡಿದಳು. ಈರಣ್ಣನಿಗೆ ಸುಮ್ಮನಿರು ಎಂದು ಸನ್ನೆ ಮಾಡಿ, ಕೈಯನ್ನು ಕರಿ ಮೂರಕ್ಕೆ ಸರಿಸಿದ್ದರೆ ಸಾಕಿತ್ತು. ಅವಧೂತ ಕಣ್ಣು ಮುಚ್ಚಿ ಅದೇ ಪದವನ್ನು ಅದೇ ಕರಿ ಐದರಲ್ಲಿ ಮೊದಲಿನಿಂದ ಎತ್ತಿಕೊಂಡ. ಒನ್ಸ್ ಮೋರ್ ಅಂದರೆ ಹಾಡಬೇಕು, ಕಟ್ಟುಪಾಡು. ಅದು ಅಪಹಾಸ್ಯ ಎಂದು ಅವನಿಗೆ ಗೊತ್ತಾಗಲಿಲ್ಲವೋ, ಗೊತ್ತಾಗಿಯೂ ನುಡಿಸಿದನೋ ಅವಳಿಗೆ ತಿಳಿಯಲಿಲ್ಲ. ಯಾವುದಾದರೂ ಅಷ್ಟೇ ಎನಿಸಿತು. ಸಭೆಗೆ ಕೈಮುಗಿದು ಒಳಗೆ ನಡೆದಳು. ಆರ್ಗನ್ ಇನ್ನಷ್ಟು ಹೊತ್ತು ತಾನೊಂದೇ ನುಡಿದು, ಆಮೇಲೆ ನಿಂತಿತು. ಪರದೆ ಇಳಿಯಿತು.

ಬಾಳಾಸಾಹೇಬ ಓಡಿ ಬಂದ. "ವೈನಿ, ಇನ್ನ ಅರ್ಧಾ ನಾಟಕ ಐತ್ರಿ. ಮಂದಿ ಏಳಾಕತ್ಯಾರ."

ಕುಂದಾ ಎಣ್ಣೆ ಹಚ್ಚಿ ಮುಖದ ಬಣ್ಣ ಒರೆಸುತ್ತಿದ್ದಳು. ಹಿಂದೆಯೇ ಬಂದ ಅವಧೂತ ಅವಳಿಗೆ ಏನಾಯಿತೆಂದು ಕೇಳಲಿಲ್ಲ, ಬೈಯಲೂ ಇಲ್ಲ. ಬಾಳಾಸಾಹೇಬನಿಗೆ ಹೇಳಿದ: "ಇದೊಂದು ಪ್ರಯೋಗ ಹೋತು ಅಂತ ಇಟ್ಕೋರಿ. ಪರದೆ ಮಡಚೂದೇನ್ ಬ್ಯಾಡ. ಕುಂದಾನ ಕಡೆ ಕಲಿಯಾಕ ಸಮೃದ್ಧಿ ಅಂತ ಕಾಲೇಜಿನ ಹುಡುಗಿ ಬರತೈತಿ. ಕರಿ ಐದು ಆಕೀಗಿ ಆಟಾ ಇದ್ದಂಗ. ಆಕೀನ ಕೂಡಸೂಣು." ಆಮೇಲೆ ಹೆಂಡತಿಯ ಕಡೆ ತಿರುಗಿ, "ನಾಳೆ ಅವರ ಮನಿಗೆ ನೀನ ಹೋಗು. ನೀ ಹೇಳಿದ್ರ ಒಪ್ತಾರ," ಎಂದ.

ಕುಂದಾಳಿಗೆ ಮಾತಾಡಲು ಕೆಮ್ಮಿ ಗಂಟಲು ಸರಿಮಾಡಿಕೊಳ್ಳಬೇಕಾಯಿತು. "ಆ ಹುಡುಗಿ ಗಂಟಲಾ ನಾ ನಿಮಗ ಕೊಡೂದಿಲ್ಲ."

"ನಾಟಕ ಮುಳಗತೈತಿ."

"ಮುಳಗ್ಲಿ."

ಅವಧೂತನ ಮುಖ ಸಣ್ಣದಾಯಿತು. ಅವಳು ಮದುವೆಯಾದಾಗಿನಿಂದ ಆ ಮುಖವನ್ನು ಹಾಗೆ ನೋಡಿರಲಿಲ್ಲ. "ಹಂಗಾರ ನಮ್ಮ ಪದಾ ಯಾರ ಹಾಡಬೇಕ, ಕುಂದಾ?" ಎಂದ.

ನಮ್ಮ ಪದ ಎಂದು ಅವನು ಅಂದದ್ದು ಅದೇ ಮೊದಲು. ಆ ಒಂದು ಮಾತಿಗಾಗಿ ಅವಳು ಎಷ್ಟೋ ವರ್ಷ ಒಲೆಯ ಮುಂದೆ ಕಾದಿದ್ದಳು, ಬಂದಿದ್ದರೆ ಸಖಿಯಾಗಿಯೇ ಜನ್ಮ ಕಳೆಯಲೂ ತಯಾರಿದ್ದಳು. ಈಗ ಬಂತು. ಅವನಿಗೆ ಅವಳಿಂದ ಕೆಲಸವಾಗಬೇಕಿದ್ದಾಗ ಬಂತು.

"ಯಾರೂ ಬ್ಯಾಡ," ಎಂದು ಚೀಲ ಎತ್ತಿಕೊಂಡಳು.

ಸ್ಟೇಶನ್ ದಾರಿಯಲ್ಲಿ ಮಂದಿ ಅವಳನ್ನು ತಿರುತಿರುಗಿ ನೋಡಿದರು. ಕಿವಿಯ ಹಿಂದೆ ಬಣ್ಣ ಹಾಗೇ ಉಳಿದಿತ್ತು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ವಿದಾಯದ ಪದದ ಮೊದಲ ಸಾಲನ್ನು ತನ್ನಷ್ಟಕ್ಕೆ, ಕರಿ ಮೂರರಲ್ಲಿ, ಅನ್ನಲು ಬಾಯಿ ತೆರೆದಳು. ಬರೀ ಗಾಳಿ ಬಂತು. ಇನ್ನೊಮ್ಮೆ ತೆರೆದಳು. ಆಗಲೂ ಅಷ್ಟೇ. ಬೆಳಗಾವಿ ಕಡೆಯ ರೈಲು ಬರುವ ತನಕ ಅವಳು ಮೂರನೆಯ ಸಲ ಪ್ರಯತ್ನಿಸಲಿಲ್ಲ.