ರಿಪೇರಿ ಕೋಣೆಯಲ್ಲಿ ಒಬ್ಬನಿಗೇ ಜಾಗ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಶವಾಗಾರದ ಪಕ್ಕಕ್ಕೇ ಯಂತ್ರಗಳ ರಿಪೇರಿ ಕೋಣೆ. ವೆಂಟಿಲೇಟರ್ ಇರಲಿ, ಡಯಾಲಿಸಿಸ್ ಯಂತ್ರ ಇರಲಿ, ಕೆಟ್ಟದ್ದೆಲ್ಲ ಅಲ್ಲಿಗೇ ಬರುತ್ತಿತ್ತು. ಕೆಲಸಕ್ಕಿದ್ದವರು ಇಬ್ಬರು, ಭಾವ ಮತ್ತು ಬಾಮೈದ. ಬಯೋಮೆಡಿಕಲ್ ಎಂಜಿನಿಯರಿಂಗ್ ಓದಿಯೂ ಮನೆಯಲ್ಲಿ ನೊಣ ಹೊಡೆಯುತ್ತಿದ್ದ ಹೆಂಡತಿಯ ತಮ್ಮನನ್ನು ಭಾವನೇ ಮ್ಯಾನೇಜರನ ಕೈಕಾಲು ಹಿಡಿದು ಸೇರಿಸಿದ್ದ.

ಒಂದು ಬೆಳಿಗ್ಗೆ ಮ್ಯಾನೇಜರ್ ಇಬ್ಬರನ್ನೂ ಕರೆಸಿದ. ಇನ್ನು ಮುಂದೆ ರಿಪೇರಿಯೆಲ್ಲ ಹೊರಗಿನ ಕಂಪನಿಗೆ. ಎಲ್ಲ ಆಸ್ಪತ್ರೆಗಳೂ ಹಾಗೇ ಮಾಡುತ್ತಿವೆ. ಕಂಪನಿ ಇಬ್ಬರಲ್ಲಿ ಒಬ್ಬನನ್ನೇ ಇಟ್ಟುಕೊಳ್ಳುತ್ತದೆ ಎಂದ.

"ಯಾರು ಅಂತ ನೀವೇ ಹೇಳಿ. ಒಂದೇ ಮನೆಯವರಲ್ವಾ?" ಎಂದು ಪಕ್ಕದಲ್ಲಿ ಕೂತಿದ್ದ ಕಂಪನಿಯವನು ನಕ್ಕ.

ಬಾಮೈದ ತಡಮಾಡಲಿಲ್ಲ. "ಭಾವಂಗೆ ಕೈ ನಡುಗುತ್ತೆ ಸಾರ್. ಯಾರಿಗೂ ಹೇಳಿಲ್ಲ, ಅಷ್ಟೇ."

ಕಂಪನಿಯವನು ಲೋಟದ ತುಂಬ ನೀರು ತುಂಬಿ ಭಾವನ ಮುಂದೆ ಹಿಡಿದ. "ಚಾಚಿ ಹಿಡ್ಕೊಳ್ಳಿ, ನೋಡೋಣ."

ಭಾವ ಹಿಡಿದ. ನೀರು ತುಳುಕಿ ಅವನ ಪ್ಯಾಂಟಿನ ಮೇಲೆ ಚೆಲ್ಲಿತು. "ಅಯ್ಯೋ, ಒದ್ದೆ ಮಾಡ್ಕೊಂಡ್ರಲ್ಲ!" ಎಂದ ಮ್ಯಾನೇಜರ್. ಎಲ್ಲರಿಗಿಂತ ಜೋರಾಗಿ ನಕ್ಕವನು ಬಾಮೈದ.

ಮನೆಗೆ ಬಂದು ಭಾವ ಹೆಂಡತಿಯನ್ನು ಕೇಳಿದ. "ನಿಂಗೊಬ್ಬಳಿಗೆ ಹೇಳಿದ್ದು. ಅವನಿಗೆ ಹೇಗೆ ಗೊತ್ತಾಯ್ತು?"

ಅವಳು ಬಟ್ಟೆ ಮಡಿಸುವುದನ್ನು ನಿಲ್ಲಿಸಲಿಲ್ಲ. "ನಾನೇ ಹೇಳ್ದೆ. ಅವನಿಗಿನ್ನೂ ವಯಸ್ಸಿದೆ. ನೀವು ಇವತ್ತಲ್ಲ ನಾಳೆ ಹೋಗೋರೇ ತಾನೆ?"

ಕಂಪನಿ ಬಾಮೈದನನ್ನೇ ಇಟ್ಟುಕೊಂಡಿತು. ರಿಪೇರಿ ಗೊತ್ತಿದ್ದ ಗಂಡಸರೆಲ್ಲ ಟೈ ಕಟ್ಟಿಕೊಂಡು ಯಂತ್ರ ಮಾರಲು ಹೊರಟಿದ್ದ ಕಾಲ ಅದು. ಅವನೂ ಹೊರಟ. ಮಾರಲು ನಾಲಿಗೆ ನೆಟ್ಟಗಿದ್ದರೆ ಸಾಕಿತ್ತು.

ಅವನು ಮಾರುತ್ತಿದ್ದ ಹೊಸ ಯಂತ್ರಗಳು ತಮಗೇನಾಗಿದೆ ಎಂದು ತಯಾರಕರಿಗೆ ತಾವೇ ತಿಳಿಸುತ್ತಿದ್ದವು. ಅವರೇ ಬಂದು ಕೆಟ್ಟ ಭಾಗ ಕಿತ್ತು ಹೊಸದು ಕೂರಿಸಿ ಹೋಗುತ್ತಿದ್ದರು. ಕೊಳ್ಳುವವರು ಬೇರೆ ಕಡೆಯೂ ಇದ್ದರು. ಆದರೂ ಅವನು ಮೊದಲು ಹೋದದ್ದು ಹಳೆಯ ಆಸ್ಪತ್ರೆಗೆ.

ಮ್ಯಾನೇಜರನ ಕೋಣೆಯ ಹೊರಗೆ ಬಾಮೈದ ಅವನ ದಾರಿಗೆ ಅಡ್ಡ ನಿಂತ. "ಭಾವ, ಇವು ಬಂದ್ರೆ ಕಂಪನಿಗೆ ನಾನ್ಯಾಕೆ ಬೇಕು? ನಿಮ್ಮ ಕಾಲಿಗೆ ಬೀಳ್ತೀನಿ."

"ಬೀಳು," ಎಂದ ಭಾವ.

ಓಡಾಡುವ ನರ್ಸುಗಳ ನಡುವೆ ಬಾಮೈದ ನಿಜವಾಗಿಯೂ ಬಿದ್ದ. ಭಾವ ಅವನನ್ನು ದಾಟಿಕೊಂಡು ಒಳಗೆ ಹೋಗಿ ಯಂತ್ರಗಳನ್ನು ಮಾರಿದ.

ಬಾಮೈದನ ಕೆಲಸ ಹೋಯಿತು. ಅಂದಿನಿಂದ ಹೆಂಡತಿ ದಿನವೂ ಗಂಡನನ್ನು ಪೀಡಿಸತೊಡಗಿದಳು. "ನಿಮ್ಮಲ್ಲೇ ಎಲ್ಲಾದ್ರೂ ಸೇರಿಸ್ರೀ. ನಿಮ್ಮ ಸಾಹೇಬರನ್ನ ಒಂದು ಮಾತು ಕೇಳಿ."

ಸಾಹೇಬರಿಗೆ ಆಳು ಬೇಕಿತ್ತು; ಯಾರಾದರೂ ಇದ್ದರೆ ಹೇಳು ಎಂದು ಅವರೇ ಅವನಿಗೆ ಹೇಳಿದ್ದರು.

"ಕೇಳ್ದೆ," ಎಂದ ಅವನು, ಅನ್ನ ಕಲಸುತ್ತ. "ಅಂಥೋನು ಬೇಡ ಅಂದ್ರು."

ಅವಳು ನಂಬಿದಳು. ಗೋಡೆಗೊರಗಿ ಅಳತೊಡಗಿದಳು. ಅವನು ಇನ್ನೊಂದು ಸಲ ಬಡಿಸಿಕೊಂಡು, ಅವಳನ್ನೇ ನೋಡುತ್ತ ನಿಧಾನವಾಗಿ ಊಟ ಮಾಡಿದ.