ಎರಡರ ಗುಂಡಿ

ವಿದ್ಯಾರ್ಥಿನಿ ಮಾಳಮ್ಮ ಬೆಳಗಿನಿಂದ ಕಂಪ್ಯೂಟರ್ ಕೋಣೆಯ ಹೊರಗೆ ಪರಸಿಕಲ್ಲಿನ ಮೇಲೆ ನಿಂತೇ ಇದ್ದಳು. ವಾಡಿ ಸಮೀಪದ ಆ ಹೈಸ್ಕೂಲಿಗೆ ಎಂಬತ್ತೈದನೆಯ ಇಸವಿಯಲ್ಲಿ ಬಂದಿದ್ದ ಒಂದೇ ಒಂದು ಕಂಪ್ಯೂಟರನ್ನು ಕೆಡಿಸಿದವಳು ಅವಳೇ ಎಂದು ಹೆಡ್‌ಮಾಸ್ತರ ಅಂಬಾರಾಯರು ತೀರ್ಮಾನಿಸಿದ್ದರು. ಇನ್ನು ಮೇಲೆ ಅವಳು ಕೋಣೆಯೊಳಗೆ ಕಾಲಿಡುವಂತಿಲ್ಲ.

ಕೆಡಿಸಿದವರು ಯಾರೆಂದು ವಿಜ್ಞಾನದ ಟೀಚರ್ ತಾಜುನ್ನಿಸಾಗೆ ಗೊತ್ತಿತ್ತು. ಆಯುಧಪೂಜೆಯ ದಿನ ಅಂಬಾರಾಯರು ಯಂತ್ರಕ್ಕೆ ವಿಭೂತಿ ಬಳಿದು, ಅದೇ ಮೇಜಿನ ಮೂಲೆಗೆ ಕಾಯಿ ಒಡೆದಿದ್ದರು. ನೀರೆಲ್ಲ ಗುಂಡಿಗಳ ಸಂದಿಗೆ ಇಳಿದಿತ್ತು. ಮರುದಿನ ಮಾಳಮ್ಮ, ‘ಟೀಚರ್, ಎರಡರ ಗುಂಡಿ ಏಳವಲ್ದು’ ಎಂದು ತಾನಾಗಿ ಬಂದು ಹೇಳಿದ್ದೇ ತಪ್ಪಾಯಿತು.

‘ಆಕಿ ಮುಟ್ಟೂಕಿಂತ ಮೊದ್ಲೇ ಕೆಟ್ಟಿತ್ರಿ ಸರ್,’ ಎಂದಳು ತಾಜುನ್ನಿಸಾ.

‘ದೇವರ ನೀರಿಗೆ ಯಂತ್ರ ಕೆಡ್ತದೇನ್ರಿ ಮೇಡಂ? ಗುಲ್ಬರ್ಗಾದ ಸಾಹೇಬ್ರು ತಪಾಸಣಿಗೆ ಬರಾಕತ್ತಾರ. ವೆಲ್‌ಕಮ್ ಸರ್ ಅಂತ ಮೂಡಸ್ರಿ, ಸಾಕು.’

ತಾಜುನ್ನಿಸಾಗೆ ಸಿಟ್ಟು ನೆತ್ತಿಗೇರಿತು. ಆ ಯಂತ್ರದಲ್ಲಿ ಉದ್ಧರಣ ಚಿಹ್ನೆ ಇದ್ದದ್ದೂ ಎರಡರ ಗುಂಡಿಯ ಮೇಲೆಯೇ. ಅಕ್ಷರಗಳನ್ನು ಆ ಚಿಹ್ನೆಗಳ ನಡುವೆ ಇಟ್ಟು ‘ಪ್ರಿಂಟ್’ ಎಂದು ಆಜ್ಞೆ ಕೊಟ್ಟರೆ ಪರದೆಗೆ ಬರುತ್ತವೆ. ಚಿಹ್ನೆ ಇಲ್ಲದಾಗ ಇನ್ನೊಂದು ದಾರಿಯಿತ್ತು: ಪ್ರತಿ ಇಂಗ್ಲಿಷ್ ಅಕ್ಷರಕ್ಕೂ ಒಂದು ಸಂಖ್ಯೆ, ಸಂಖ್ಯೆಗಳನ್ನು ಒಂದೊಂದಾಗಿ ಕೊಟ್ಟು ಜೋಡಿಸಿದರೆ ಪದ ಕಟ್ಟಿಕೊಳ್ಳುತ್ತದೆ.

ಸಾಹೇಬರು ಬಂದು ಕುಳಿತರು. ಆಕೆ ಗುಂಡಿಗಳನ್ನು ಕುಟ್ಟತೊಡಗಿದಳು. ಎಪ್ಪತ್ತೇಳು, ಅರವತ್ತೈದು, ಎಪ್ಪತ್ತಾರು... ಎಲ್ಲಿಯೂ ಎರಡು ಬೇಕಾಗಲಿಲ್ಲ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಮೂಡಿತು: ಮಾಳಮ್ಮ.

‘ಏನ್ರಿ ಇದು?’ ಎಂದರು ಸಾಹೇಬರು.

‘ಹೊರಗ ನಿಲ್ಸ್ಯಾರಲ್ರಿ, ಆ ಹುಡುಗಿ ಹೆಸರು. ಯಂತ್ರ ಕೆಡಿಸ್ಯಾಳಂತ. ಕೆಟ್ಟಿದ್ದು ಕಾಯಿನೀರಿಗೆ. ಕಾಯಿ ಒಡದೋರು ಇಲ್ಲೇ ಕುಂತಾರ.’

ಅಂಬಾರಾಯರು ಹಲ್ಲು ಕಚ್ಚಿ ಪಿಸುಗುಟ್ಟಿದರು. ‘ಮೊದ್ಲು ಸರ್ ಅಂತ ಹಾಕ್ರಿ.’

‘ಅದರ ಕಡೀ ಅಕ್ಷರದ ನಂಬರ್ ಎಂಬತ್ತೆರಡ್ರಿ. ಎರಡಕ್ಕ ನೀವ ನೀರು ಕುಡಿಸೀರಿ, ನಾ ಎಲ್ಲಿಂದ ತರ್ಲಿ?’

ಎಂಬತ್ತೊಂದಕ್ಕೆ ಒಂದು ಕೂಡಿಸಿ ಕೊಟ್ಟರೂ ಆ ಅಕ್ಷರ ಮೂಡುತ್ತದೆಂದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಗುಂಡಿಗಳ ಮೇಲಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

ಗುಂಡಿಗಳ ಸಂದಿಯಿಂದ ಇರುವೆಗಳು ಒಂದರ ಹಿಂದೊಂದು ಹೊರಬರುತ್ತಿದ್ದವು. ಸಾಹೇಬರು ಬಗ್ಗಿ ಅವನ್ನು ನೋಡಿದರು.

‘ಆ ಹುಡುಗೀನ ಒಳಗ ಕರೀರಿ.’

ಮಾಳಮ್ಮ ಕಾಲೆಳೆಯುತ್ತ ಬಂದಳು. ತಾಜುನ್ನಿಸಾ ಎದ್ದು ತನ್ನ ಕುರ್ಚಿಯನ್ನು ಅವಳಿಗೆ ಬಿಟ್ಟುಕೊಟ್ಟಳು. ಆಕೆಯ ಸಿಟ್ಟು ಮಾತ್ರ ಇಳಿದಿರಲಿಲ್ಲ.