ಫಾಲ್‌ನಲ್ಲಿ ಸಿಕ್ಕ ಮರಳು

ಬ್ಲೇಡಿನ ಮೂಲೆಯಿಂದ ಹೊಲಿಗೆ ಬಿಚ್ಚುತ್ತಾ ಗೇಣುದ್ದ ಬಂದಿದ್ದಳಷ್ಟೆ, ಸೀರೆಗೂ ಫಾಲಿಗೂ ನಡುವಿನಿಂದ ಏನೋ ಸರಸರನೆ ಜಾರಿ ಹೊಲಿಗೆ ಯಂತ್ರದ ಹಲಗೆಯ ಮೇಲೆ ಬಿತ್ತು. ಅಖ್ತರ್ ಬಾನು ಮೊದಲು ಅದನ್ನು ಮಣ್ಣೆಂದುಕೊಂಡಳು. ತೋಟದ ಹೆಂಗಸರ ಸೀರೆಯಂಚಿನಲ್ಲಿ ಮಣ್ಣಿರುವುದೇನೂ ಹೊಸದಲ್ಲ. ಆದರೆ ಕೊಟ್ಟಿಗೆಹಾರದ ಮಣ್ಣು ಕೆಂಪು, ಬೆರಳಿಗೆ ಅಂಟುತ್ತದೆ. ಇದು ಅಂಟಲಿಲ್ಲ. ಬಿಳಿ ಮರಳು, ಅದರ ನಡುವೆ ಸಾಸಿವೆಗಿಂತ ಸಣ್ಣ ಕರಿ ಕಾಳುಗಳು, ಉಗುರಿನ ಚೂರಿನಷ್ಟು ಒಂದು ಚಿಪ್ಪು.

ಸೀರೆ ವಿಮಲಮ್ಮನದು. ಜಾವಳಿಯ ಕಾಫಿ ತೋಟದ ಕೃಷ್ಣಪ್ಪನವರ ಹೆಂಡತಿ. ಬೆಳಿಗ್ಗೆ ತೋಟದ ಲೆಕ್ಕ ಬರೆಯುವ ರೈಟರ್ ಗುರುವಯ್ಯನ ಕೈಯಲ್ಲಿ ಸೀರೆ ಕಳಿಸಿ, ಒಗೆದಾಗ ಫಾಲ್ ಮುದುಡಿದೆ, ಬಿಚ್ಚಿ ಬೇರೆ ಹಾಕು, ಸಂಜೆ ನಾನೇ ಬಂದು ಒಯ್ಯುತ್ತೇನೆ ಎಂದು ಹೇಳಿಸಿದ್ದಳು. ಸೀರೆಯೇನೋ ಚೆನ್ನಾಗಿ ಒಗೆದು ಇಸ್ತ್ರಿ ಮಾಡಿದ್ದೇ. ಆದರೆ ಫಾಲಿನ ಒಳಗೆ ಹೊಕ್ಕು ಕೂತದ್ದನ್ನು ತೆಗೆಯಲು ಯಾವ ಸೋಪಿಗೂ ಸಾಧ್ಯವಿಲ್ಲ. ಇದು ಫಾಲ್ ಬಿಚ್ಚುವವರಿಗೆ ಮಾತ್ರ ಗೊತ್ತಿರುವ ವಿಷಯ, ಸೀರೆ ಉಡುವವರಿಗಲ್ಲ.

ಬಾನು ಕರಿ ಕಾಳುಗಳನ್ನು ಬೆರಳ ತುದಿಯಲ್ಲಿ ಬೇರೆ ಮಾಡಿದಳು. ಅವು ಎಲ್ಲಿಯವೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ.

ಅವಳ ತಾಯಿ ಕುಬ್ರಾ ಹುಟ್ಟಿದ್ದು ಉಡುಪಿಯಿಂದಾಚೆ ಕಡಲ ದಂಡೆಯ ಒಂದು ಊರಿನಲ್ಲಿ. ಮದುವೆಯಾಗಿ ಚಾರ್ಮಾಡಿ ಘಾಟಿ ಹತ್ತಿದವಳು ನಲವತ್ತು ವರ್ಷದಲ್ಲಿ ಮತ್ತೆ ಇಳಿದಿರಲಿಲ್ಲ. ಆ ಊರಿನ ಬಂಡೆಯ ಬುಡದಲ್ಲಿ ಒಂದು ಗವಿ. ಬೇಸಿಗೆಯ ಅಮಾವಾಸ್ಯೆಯ ಸಂಜೆ ಕಡಲು ಹಿಂದೆ ಸರಿದಾಗ ಒಂದೇ ಒಂದು ಗಂಟೆ ಅದರ ಬಾಯಿ ತೆರೆಯುತ್ತದೆ. ಹೊರಗಿನ ಮರಳು ಬಿಳಿ, ಒಳಗಿನದು ಕಪ್ಪು. ಕೊನೆಯಲ್ಲಿ, ಅಷ್ಟೆಲ್ಲ ಉಪ್ಪಿನ ನಡುವೆ, ಮೇಲಿನ ಕಲ್ಲಿನಿಂದ ಸಿಹಿನೀರು ತೊಟ್ಟಿಕ್ಕುತ್ತದೆ. ಈ ಕಥೆ ಕೇಳುತ್ತಲೇ ಬಾನು ಬೆಳೆದಿದ್ದಳು. ಈ ವರ್ಷ ತಾಯಿ ಹಾಸಿಗೆ ಹಿಡಿದು, ಮೂಡಿಗೆರೆಯ ಡಾಕ್ಟರು ಔಷಧಿಯ ಮಾತನ್ನೇ ನಿಲ್ಲಿಸಿದ ಮೇಲೆ, ಕಥೆ ಹೋಗಿ ಬೇಡಿಕೆಯಾಯಿತು.

"ಒಂದು ಬಾಟ್ಲಿ ತಂದುಕೊಡು ಬಾನು. ಒಂದು ಗುಟುಕು ಸಾಕು."

ಮಳೆ ಹಿಡಿದರೆ ಗವಿ ಮುಚ್ಚಿತು. ಮುಂದಿನ ಬೇಸಿಗೆಗೆ ಅಮ್ಮಿ ಇರುವುದಿಲ್ಲ. ಅದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಬಾನು ಹೋಗಿ ಹೇಳಿಕೊಂಡದ್ದು ವಿಮಲಮ್ಮನಿಗೆ. ಶಾಲೆಯಲ್ಲಿ ಎರಡು ಕ್ಲಾಸು ಮುಂದಿದ್ದವಳು, ಮದುವೆಯಾಗಿ ದೊಡ್ಡ ಮನೆ ಸೇರಿದರೂ ಬಾನುವಿನ ಹೊಲಿಗೆ ಕೋಣೆಯ ಹೊಸಿಲ ಮೇಲೆ ಕೂತು ಕಾಫಿ ಕುಡಿಯುವುದನ್ನು ಬಿಟ್ಟವಳಲ್ಲ.

"ಉಪ್ಪು ನೀರಿನ ಮಧ್ಯೆ ಸಿಹಿನೀರಾ? ನಿಮ್ಮಮ್ಮಿ ಚೆನ್ನಾಗಿ ರೈಲು ಬಿಡ್ತಾರೆ ಮಾರಾಯ್ತಿ!" ಎಂದು ನಕ್ಕವಳೇ ಮರುದಿನ ಜೀಪು ತಾನು ಕೊಡಿಸುವುದಾಗಿ ಹೇಳಿದಳು. ಅಲ್ಲಿಂದ ಎರಡು ತಿಂಗಳು ಇಬ್ಬರಿಗೂ ಬೇರೆ ಮಾತೇ ಇರಲಿಲ್ಲ. ಟಾರ್ಚು ಎಷ್ಟು, ಹಗ್ಗ ಬೇಕೋ ಬೇಡವೋ, ಬುತ್ತಿಗೆ ರೊಟ್ಟಿಯೋ ಚಿತ್ರಾನ್ನವೋ. ಕಡಲನ್ನೇ ಕಾಣದ ಇಬ್ಬರು ಹೆಂಗಸರು ಅಲೆ ಬಂದರೆ ಯಾವ ಕಡೆ ಓಡುವುದೆಂದು ಜಗಳವಾಡಿದರು. ದಿನದ ಲೆಕ್ಕದಲ್ಲೂ ಜಗಳ. ಬಾನು ಚಂದ್ರ ಕಂಡ ದಿನದಿಂದ ಎಣಿಸಿದರೆ ಒಂದು ತಾರೀಖು, ವಿಮಲಮ್ಮನ ಗೋಡೆಯ ಕ್ಯಾಲೆಂಡರಿನಲ್ಲಿ ಇನ್ನೊಂದು. ಹಾಸಿಗೆಯಿಂದಲೇ ಅಮ್ಮಿ ತೀರ್ಪು ಕೊಟ್ಟಳು.

"ಚಂದ್ರ ಕಂಡ ಮೇಲೆ ಹೋದ್ರೆ ತಡ ಆಯ್ತು. ಕಾಣದ ದಿನವೇ ಹೋಗ್ಬೇಕು. ವಿಮಲಾನ ಕ್ಯಾಲೆಂಡರೇ ಸರಿ."

ಈ ನೀಲಿ ವಾಯಿಲ್ ಸೀರೆಗೆ 'ಕಡಲಿನ ಸೀರೆ' ಎಂದು ಹೆಸರಿಟ್ಟು, ಅಲೆಗೆ ಕಿತ್ತು ಹೋಗದ ಹಾಗೆ ಫಾಲಿಗೆ ಎರಡೆರಡು ಹೊಲಿಗೆ ಹಾಕಿಕೊಟ್ಟದ್ದು ಬಾನುವೇ. ಮಳೆಗೆ ಮುಂಚಿನ ಕೊನೆಯ ಅಮಾವಾಸ್ಯೆಗೆ ಎರಡು ದಿನವಿದೆ ಎನ್ನುವಾಗ ಗುರುವಯ್ಯ ಬಂದು, ಜೀಪಿನ ಆಕ್ಸಲ್ ಮುರಿದಿದೆ, ಹಾಸನದಿಂದ ಸಾಮಾನು ಬರಬೇಕು ಎಂದ. ಆಗ ಬಾನು ಹೇಳಿ ಕಳಿಸಿದ್ದೇನು ಗೊತ್ತೆ? "ಅಕ್ಕ ಬೇಜಾರು ಮಾಡ್ಕೋಬಾರ್ದು ಅಂತ ಹೇಳಿ ಗುರುವಯ್ಯ." ಈಗ ಆ ಮಾತು ನೆನಪಾಗಿ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಮೋಸ ಮಾಡಿದವಳನ್ನು ತಾನೇ ಸಮಾಧಾನ ಮಾಡಿದ್ದಳಲ್ಲ! ದಿನ ಕೊಟ್ಟದ್ದು ಅಮ್ಮಿ, ದಾರಿ ಹೇಳಿದ್ದು ಅಮ್ಮಿ, ಸೀರೆಯಂಚು ಭದ್ರ ಮಾಡಿದ್ದು ತಾನು. ಇಬ್ಬರನ್ನೂ ಬಿಟ್ಟು ಅವಳು ಹೋಗಿ ಬಂದಿದ್ದಳು.

ಬಾನು ಮರಳನ್ನು ಒಂದು ಕಾಗದಕ್ಕೆ ಒಟ್ಟುಮಾಡಿದಳು. ರಸ್ತೆಗೆ ಎಸೆಯಲೆಂದು ಎದ್ದವಳು ಏನನ್ನಿಸಿತೋ, ಒಳಗೆ ಹೋಗಿ ತಾಯಿಯ ಅಂಗೈಗೆ ಸುರಿದಳು. ಕುಬ್ರಾ ಅದನ್ನು ಹೆಬ್ಬೆರಳಿನಿಂದ ಉಜ್ಜಿದಳು. ಮೂಸಿದಳು. ಕಿಟಕಿಯ ಬೆಳಕಿಗೆ ಹಿಡಿದಳು.

"ಒಳಗಿನದ್ದು," ಎಂದಳು. "ಯಾರು ತಂದ್ರು?"

ನಿಜ ಹೇಳಲು ಬಾನುವಿಗೆ ಬಾಯಿ ಬರಲಿಲ್ಲ. ಸಾಯುವವಳ ಕೈಗೆ ಮರಳಿನ ಜೊತೆ ಈ ಸಂಕಟವನ್ನೂ ಹಾಕುವುದೇ?

"ವಿಮಲಕ್ಕ. ಕೊನೇ ಗಳಿಗೇಲಿ ಜೀಪು ಸರಿಯಾಯ್ತಂತೆ, ನಮಗೆ ಜಾಗ ಇರ್ಲಿಲ್ಲ. ನಿಮಗೆ ಅಂತಲೇ ತಂದಿದ್ದಾರೆ ಅಮ್ಮಿ."

"ನೀರು?"

"ಬಾಟ್ಲಿ ನಮ್ಮಲ್ಲೇ ಉಳೀತಲ್ಲ."

ಸಂಜೆ ವಿಮಲಮ್ಮ ಬಂದಾಗ ಹೊಸ ಫಾಲಿನ ಕೊನೆಯ ಮೊಳ ಬಾಕಿಯಿತ್ತು. ಎಂದಿನಂತೆ ಹೊಸಿಲ ಮೇಲೆ ಕೂತಳು.

"ಜೀಪು ಸರಿಯಾಯ್ತಾ ಅಕ್ಕಾ?" ಬಾನು ಸೂಜಿಯಿಂದ ಕಣ್ಣೆತ್ತದೆ ಕೇಳಿದಳು.

"ಮೊನ್ನೆ ಅಷ್ಟೇ ಆಯ್ತು ಮಾರಾಯ್ತಿ. ಈ ಸಲ ನಮಗೆ ಯೋಗ ಇರ್ಲಿಲ್ಲ. ಮುಂದಿನ ವರ್ಷ ಏನಾದ್ರೂ ಆಗ್ಲಿ, ಹೋಗಿಯೇ ಬರೋಣ."

"ಯಾರದು, ವಿಮಲಾನಾ?" ಒಳಗಿನಿಂದ ಕುಬ್ರಾ ಕೂಗಿದಳು. "ಬಾ ಮಗಳೇ, ಇಲ್ಲಿ ಬಾ."

ವಿಮಲಮ್ಮ ಎದ್ದು ಒಳಬಾಗಿಲಲ್ಲಿ ನಿಂತಳು. ಕುಬ್ರಾ ಮುಷ್ಟಿ ಬಿಚ್ಚಿ ತೋರಿಸಿದಳು.

"ನೀನು ತಂದ ಮರಳು ಸಿಕ್ತು. ನನ್ನ ಹೊಟ್ಟೇಲಿ ಹುಟ್ಟಿದವಳ ಕೈಲಿ ಆಗದ್ದು ನೀನು ಮಾಡಿದೆ. ಅಲ್ಲಾಹ್ ನಿನ್ನ ಮನೆ ತಣ್ಣಗಿಡಲಿ."

ವಿಮಲಮ್ಮ ತಿರುಗಿ ನೋಡಿದಳು. ಅವಳ ಕಣ್ಣು ಬಾನುವಿನ ಮುಖದಿಂದ ಇಳಿದು, ಯಂತ್ರದ ಬುಡದಲ್ಲಿ ಬಿದ್ದಿದ್ದ ಹಳೆಯ ಫಾಲಿನ ಮೇಲೆ ನಿಂತಿತು.

"ಸಕಲೇಶಪುರದ ನಾದಿನಿ ಬಂದಿದ್ರು ಬಾನು, ತಾವೂ ಬರ್ತೀವಿ ಅಂದ್ರು," ಎಂದಳು ತಗ್ಗಿದ ದನಿಯಲ್ಲಿ. "ಅವ್ರಿಗೆ ನಿಮ್ ಜೊತೆ ಕೂತು ಊಟ ತಿಂಡಿ ಅಂದ್ರೆ... ನಾನೇನು ಮಾಡ್ಲಿ ಹೇಳು."

ಬಾನು ಸೂಜಿಗೆ ದಾರ ಪೋಣಿಸಿದಳು.

"ಅದಿರ್ಲಿ, ನೀರಿನ ವಿಷಯ ಹೇಳು ಮಗಳೇ," ಕುಬ್ರಾ ಕೇಳಿದಳು. "ಈಗಲೂ ತೊಟ್ಟಿಕ್ತದಾ? ನೀನು ಕುಡಿದ್ಯಾ?"

ಹೊರಗೆ ಘಾಟಿ ಇಳಿಯುವ ಬಸ್ಸೊಂದು ಹಾರ್ನ್ ಹಾಕಿ ಹೊರಟಿತು. ವಿಮಲಮ್ಮ ಬಾಗಿಲ ಚೌಕಟ್ಟು ಬಿಟ್ಟು ಹಾಸಿಗೆಯ ಹತ್ತಿರ ಹೋದಳು.

"ಕುಡಿದೆ ಅಮ್ಮಿ. ಸಿಹಿ ಇತ್ತು."

"ನಾನು ಹೇಳಿರ್ಲಿಲ್ವಾ!" ಕುಬ್ರಾ ಮಗುವಿನ ಹಾಗೆ ನಕ್ಕಳು. "ಕೇಳಿದ್ಯಾ ಬಾನು? ಸಿಹಿ ಇತ್ತಂತೆ."

"ಕೇಳ್ತು ಅಮ್ಮಿ."

ಬಾನು ಕೊನೆಯ ಹೊಲಿಗೆ ಹಾಕಿ ದಾರವನ್ನು ಹಲ್ಲಿನಿಂದ ಕಡಿದಳು. ಸೀರೆಯನ್ನು ನಾಲ್ಕು ಮಡಿಕೆ ಮಾಡಿ, ಅಂಚು ಸರಿಯಾಗಿ ಕೂಡಿಸಿ, ವಿಮಲಮ್ಮನ ಕೈಯಲ್ಲಿಟ್ಟಳು. ಯಂತ್ರದ ಹಿಂದಿನ ಗೂಡಿನಲ್ಲಿ, ಗವಿಯ ನೀರಿಗೆಂದು ಬಿಸಿನೀರಿನಲ್ಲಿ ತೊಳೆದು ಬೋರಲು ಹಾಕಿದ್ದ ಗ್ರೈಪ್ ವಾಟರ್ ಬಾಟಲಿ ಎಂದೋ ಒಣಗಿತ್ತು.